ಕ್ಯಾಲಿಫೋರ್ನಿಯಾ ಜೆಫಿರ್: ಜನ ಅಷ್ಟು ಮೆಚ್ಚಿದ ಗಾಡಿಯನ್ನು ಏಕೆ ನಿಲ್ಲಿಸಿದರು?

ಘಟ್ಟದ ಹಾದಿ (ಮೂಲ ಪ್ರಶ್ನೆ)

ಕಳೆದ ಮಳೆಗಾಲದಲ್ಲಿ ಅಮ್ಮನನ್ನು ಯಶವಂತಪುರ–ಮಂಗಳೂರು ಗಾಡಿಯ ವಿಸ್ಟಾಡೋಮ್ ಬೋಗಿಯಲ್ಲಿ ಕರೆದುಕೊಂಡು ಹೋಗಿದ್ದೆ. ಸಕಲೇಶಪುರ ದಾಟಿ ಎಡಕುಮೇರಿಯ ಕಡೆಗೆ ಇಳಿಯುವಾಗ ಗಾಜಿನ ಮಾಡಿನ ಮೇಲೆ ಮಳೆ ಹೊಯ್ಯುತ್ತಿತ್ತು. ತಲೆ ಎತ್ತಿ ನೋಡತೊಡಗಿದ ಅಮ್ಮ ಸುಬ್ರಹ್ಮಣ್ಯ ರೋಡ್ ಬರುವ ತನಕ ತಲೆ ತಗ್ಗಿಸಲಿಲ್ಲ. ಮರುದಿನ ಕುತ್ತಿಗೆ ನೋವೆಂದು ಎಣ್ಣೆ ಹಚ್ಚಿಸಿಕೊಂಡರು, ಆದರೂ ಮತ್ತೊಮ್ಮೆ ಹೋಗೋಣವೇ ಎಂದು ಕೇಳಿದರು.

ಈ ವಿಸ್ಟಾಡೋಮ್ ಎಂಬ ಹೆಸರು ಎಲ್ಲಿಯದು ಎಂದು ಹುಡುಕಿಕೊಂಡು ಹೋದಾಗ ಅಮೆರಿಕದ ಕ್ಯಾಲಿಫೋರ್ನಿಯಾ ಜೆಫಿರ್ ಸಿಕ್ಕಿತು. 1949ರ ಮಾರ್ಚ್ 20ರಂದು ಶುರುವಾದ ಗಾಡಿ. ಷಿಕಾಗೋದಿಂದ ಡೆನ್ವರ್, ಸಾಲ್ಟ್ ಲೇಕ್ ಸಿಟಿ ದಾಟಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಓಕ್‌ಲ್ಯಾಂಡ್ ತನಕ 4,000 ಕಿಲೋಮೀಟರಿಗೂ ಹೆಚ್ಚು ದೂರ. ಇಡೀ ಗಾಡಿ ಬೆಳ್ಳಿಯ ಹಾಗೆ ಹೊಳೆಯುವ ಸ್ಟೇನ್‌ಲೆಸ್ ಸ್ಟೀಲಿನದು, ಒಂದೊಂದು ಗಾಡಿಗೂ, ಹತ್ತಿ ಕುಳಿತು ನೋಡಲು, ಮಾಡಿನ ಮೇಲೆ ಐದು ಗಾಜಿನ ಗುಮ್ಮಟಗಳು. ಅಮೆರಿಕದಲ್ಲಿ ಅತಿ ಹೆಚ್ಚು ಮಾತಿಗೆ ಬಂದ ರೈಲು ಎಂದೇ ಅದರ ಜಾಹೀರಾತು ಹೇಳುತ್ತಿತ್ತು. ಹೀಗಿದ್ದೂ 1970ರ ಮಾರ್ಚ್‌ನಲ್ಲಿ ನಿಂತೇ ಹೋಯಿತು. ಇಪ್ಪತ್ತೊಂದು ವರ್ಷ, ಅಷ್ಟೇ ಅದರ ಆಯಸ್ಸು.

ಬಲ್ಲವರು ಹೇಳಿ. ಜನ ಇಷ್ಟಪಟ್ಟ ಗಾಡಿ ಹೇಗೆ ನಿಂತುಹೋಗುತ್ತದೆ?

ಚುರುಮುರಿ

ವಿಮಾನ ಬಂತು, ರೈಲು ಹೋಯಿತು. ಇದರಲ್ಲಿ ಕೇಳುವುದೇನಿದೆ?

ಹಳಿಯ ಹುಚ್ಚು

ಚುರುಮುರಿ ಅವರೇ, ಒಂದು ಸಾಲಿನಲ್ಲಿ ಮುಗಿಯುವ ವಿಷಯವಲ್ಲ ಇದು. ಬೋಯಿಂಗ್ 707 ಜೆಟ್ ವಿಮಾನ ಪ್ರಯಾಣಿಕರನ್ನು ಹೊತ್ತು ಹಾರತೊಡಗಿದ್ದು 1958ರಲ್ಲಿ. ಅದರ ನಂತರವೂ ಈ ಗಾಡಿ ಹನ್ನೆರಡು ವರ್ಷ ಓಡಿತು. ಬೇಗ ಹೋಗಬೇಕಾದವರು ಇದನ್ನು ಹತ್ತುತ್ತಲೇ ಇರಲಿಲ್ಲ, ಆಗಲೂ, ಅದಕ್ಕೂ ಮೊದಲೂ.

ಅದೇ ಷಿಕಾಗೋ, ಅದೇ ಕೊಲ್ಲಿ, ಆದರೆ ಸಿಟಿ ಆಫ್ ಸ್ಯಾನ್ ಫ್ರಾನ್ಸಿಸ್ಕೋ ಎಂಬ ಎದುರಾಳಿ ಗಾಡಿ ಬೇರೆ ಮಾರ್ಗದಲ್ಲಿ 40 ಗಂಟೆಯೊಳಗೆ ಮುಟ್ಟುತ್ತಿತ್ತು. ಜೆಫಿರ್‌ಗೆ 50 ಗಂಟೆಗೂ ಹೆಚ್ಚು ಬೇಕಿತ್ತು. ವೇಗದಲ್ಲಿ ಗೆಲ್ಲಲಾರೆವು ಎಂಬುದು ಅದರ ಮಾಲೀಕರಿಗೆ ಮೊದಲೇ ಗೊತ್ತಿತ್ತು. ಆದ್ದರಿಂದ ಅವರು ವೇಳಾಪಟ್ಟಿಯನ್ನು ಕಣ್ಣಿಗೆ ಒಪ್ಪುವಂತೆ ಹೆಣೆದರು. ಷಿಕಾಗೋದಿಂದ ಮಧ್ಯಾಹ್ನ ಹೊರಟ ಗಾಡಿ ಬಯಲು ಸೀಮೆಯನ್ನು ರಾತ್ರಿ ದಾಟುತ್ತದೆ. ಬೆಳಗ್ಗೆ ಡೆನ್ವರ್. ಅಲ್ಲಿಂದ ಇಡೀ ಹಗಲು ರಾಕಿ ಪರ್ವತ, ಕೊಲೊರಾಡೋ ನದಿಯ ಕಣಿವೆಗಳು. ಕತ್ತಲಾದ ಮೇಲೆ ಸಾಲ್ಟ್ ಲೇಕ್ ಸಿಟಿ, ನಿದ್ದೆಯಲ್ಲಿ ಮರುಭೂಮಿ. ಮೂರನೆಯ ಹಗಲು ಸಿಯೆರಾ ನೆವಾಡಾದ ಫೆದರ್ ನದಿಯ ಕಣಿವೆ. ನೋಡುವಂಥದ್ದೆಲ್ಲ ಬೆಳಕಿನಲ್ಲಿ, ಉಳಿದದ್ದು ಕತ್ತಲಲ್ಲಿ.

ಹಳೆ ಮೈಸೂರು

ನಮ್ಮ ಕಡೆ ಇದರ ತಿರುಗುಮುರುಗು ನಡೆಯುತ್ತದೆ. ಬೆಂಗಳೂರಿನಿಂದ ರಾತ್ರಿ ಗಾಡಿ ಹಿಡಿದರೆ ಘಟ್ಟವನ್ನು ಕತ್ತಲಲ್ಲಿ ದಾಟಿ, ಬೆಳಗ್ಗೆ ಮಂಗಳೂರಿನಲ್ಲಿ ಕಣ್ಣು ಬಿಡುತ್ತೇವೆ. ನಾನು ಎಷ್ಟೋ ಬಾರಿ ಹೋಗಿ ಬಂದಿದ್ದರೂ ಆ ಘಟ್ಟವನ್ನು ಹಗಲಿನಲ್ಲಿ ಕಂಡದ್ದು ಒಂದೇ ಸಲ.

ಚುರುಮುರಿ

ಸರಿ, ಒಪ್ಪಿದೆ. ಆದರೆ ನನಗೆ ತಿಳಿದಂತೆ ಜೆಫಿರ್ ಎಂದರೆ ವೇಗಕ್ಕೆ ದಾಖಲೆ ಮಾಡಿದ ಉಗಿಬಂಡಿ.

ಹಳಿಯ ಹುಚ್ಚು

ಎರಡು ಬೇರೆ ಬೇರೆ ಗಾಡಿಗಳು ಇಲ್ಲಿ ಕಲಸಿಹೋಗಿವೆ, ಮತ್ತು ಎರಡೂ ಉಗಿಬಂಡಿಗಳಲ್ಲ.

ದಾಖಲೆ ಮಾಡಿದ್ದು ಪಯೋನಿಯರ್ ಜೆಫಿರ್. 1934ರ ಮೇ 26ರಂದು ಡೆನ್ವರ್‌ನಿಂದ ಮುಂಜಾನೆ ಹೊರಟು ಎಲ್ಲಿಯೂ ನಿಲ್ಲದೆ ಸಂಜೆಗೆ ಷಿಕಾಗೋ ಸೇರಿತು. 1,015 ಮೈಲಿಯನ್ನು 13 ಗಂಟೆ 5 ನಿಮಿಷದಲ್ಲಿ ಓಡಿತು, ಸರಾಸರಿ ಗಂಟೆಗೆ 125 ಕಿಲೋಮೀಟರ್‌ನಷ್ಟು. ಎಳೆದದ್ದು 600 ಅಶ್ವಶಕ್ತಿಯ ಡೀಸೆಲ್ ಎಂಜಿನ್. ಮಹಾ ಆರ್ಥಿಕ ಕುಸಿತದ ಕಾಲ, ಜನ ರೈಲು ಬಿಟ್ಟು ಕಾರು ಹತ್ತುತ್ತಿದ್ದ ದಿನಗಳು. ಬರ್ಲಿಂಗ್ಟನ್ ರೈಲು ಕಂಪನಿಯ ಅಧ್ಯಕ್ಷ ರಾಲ್ಫ್ ಬಡ್ ಜನರನ್ನು ಮತ್ತೆ ಹಳಿಯ ಕಡೆಗೆ ತಿರುಗಿಸಲು ಮಾಡಿದ ಪಣ ಅದು. ಜೆಫಿರ್ ಎಂದರೆ ಗ್ರೀಕರ ಪಡುವಣ ಗಾಳಿಯ ದೇವರು. ಆ ಗಾಡಿ ಈಗಲೂ ಷಿಕಾಗೋದ ವಿಜ್ಞಾನ ಮತ್ತು ಕೈಗಾರಿಕಾ ವಸ್ತುಸಂಗ್ರಹಾಲಯದಲ್ಲಿದೆ. ನಾವು ಮಾತಾಡುತ್ತಿರುವ ಕ್ಯಾಲಿಫೋರ್ನಿಯಾ ಜೆಫಿರ್ ಅದೇ ಮನೆತನದ್ದು, ಹದಿನೈದು ವರ್ಷ ಕಿರಿಯದು.

ಬೆಸುಗೆ

ನಾನು ರೈಲ್ವೆ ಕಾರ್ಯಾಗಾರವೊಂದರಲ್ಲಿ ಮೂವತ್ತೊಂದು ವರ್ಷ ಬೆಸುಗೆ ಕೆಲಸ ಮಾಡಿ ನಿವೃತ್ತನಾದವನು. ಈ ಗಾಡಿಯ ಅಂದವನ್ನು ಎಲ್ಲರೂ ಹೊಗಳುತ್ತಾರೆ, ಅದನ್ನು ಕೂಡಿಸಿದ ಬಗೆಯನ್ನು ಯಾರೂ ಹೇಳುವುದಿಲ್ಲ. ನಾನು ಹೇಳುತ್ತೇನೆ, ತಾಳ್ಮೆಯಿಂದ ಓದಿ.

ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಹಿಡಿಯದಿರುವುದು ಅದರಲ್ಲಿರುವ ಕ್ರೋಮಿಯಂನಿಂದ. ಮಾಮೂಲಿ ರೀತಿಯಲ್ಲಿ ಅದನ್ನು ಬೆಸೆದರೆ ಕಾವು ಹೆಚ್ಚು ಹೊತ್ತು ನಿಲ್ಲುತ್ತದೆ. ಆಗ ಕ್ರೋಮಿಯಂ ಹೋಗಿ ಇಂಗಾಲವನ್ನು ಸೇರಿಕೊಂಡು ಕಣಗಳ ಅಂಚಿನಲ್ಲಿ ಗಂಟು ಕಟ್ಟುತ್ತದೆ. ಅದರ ಸುತ್ತಲಿನ ಲೋಹಕ್ಕೆ ಕಾವಲೇ ಇಲ್ಲದಂತಾಗಿ, ಬೆಸುಗೆಯ ಪಕ್ಕದಲ್ಲಿಯೇ ತುಕ್ಕು ತಿನ್ನತೊಡಗುತ್ತದೆ. ಹೊರಗಿನಿಂದ ಬೆಸುಗೆ ಚೆನ್ನಾಗಿಯೇ ಕಾಣುತ್ತದೆ, ಒಳಗೆ ಸತ್ತಿರುತ್ತದೆ. ಆ ಕಾಲದಲ್ಲಿ ಈ ಉಕ್ಕಿನಿಂದ ಪಾತ್ರೆ ಮಾಡಬಹುದಿತ್ತು, ಭಾರ ಹೊರುವ ಬೋಗಿ ಕಟ್ಟಲು ಧೈರ್ಯ ಸಾಲುತ್ತಿರಲಿಲ್ಲ.

ಫಿಲಡೆಲ್ಫಿಯಾದ ಬಡ್ ಕಂಪನಿ (ರಾಲ್ಫ್ ಬಡ್ ಅವರದಲ್ಲ, ಬೋಗಿ ಕಟ್ಟುವ ಬೇರೆ ಕಂಪನಿ) ಇದಕ್ಕೆ ಶಾಟ್ ವೆಲ್ಡ್ ಎಂಬ ದಾರಿ ಕಂಡುಕೊಂಡಿತು. ಎರಡು ತಗಡುಗಳನ್ನು ಒತ್ತಿ ಹಿಡಿದು, ಭಾರಿ ವಿದ್ಯುತ್ತನ್ನು ಸೆಕೆಂಡಿನ ಒಂದು ಸಣ್ಣ ಪಾಲಿನಷ್ಟು ಹೊತ್ತು ಮಾತ್ರ ಹರಿಸುವುದು. ಲೋಹ ಕರಗಿ ಕೂಡಿಕೊಳ್ಳುತ್ತದೆ, ಕ್ರೋಮಿಯಂ ಕದಲುವುದರೊಳಗೆ ತಣ್ಣಗಾಗಿರುತ್ತದೆ. ಪಯೋನಿಯರ್ ಜೆಫಿರ್‌ನ ಮೂರು ಬೋಗಿ ಸೇರಿದರೂ ಹಳೆಯ ಉಕ್ಕಿನ ಪುಲ್‌ಮನ್ ಎಂಬ ಮಲಗುವ ಬೋಗಿ ಒಂದರ ತೂಕಕ್ಕಿಂತ ಬಹಳವೇನೂ ಹೆಚ್ಚಿರಲಿಲ್ಲ ಎಂದರೆ ಲೆಕ್ಕ ಹಾಕಿ.

ಇನ್ನೊಂದು ಮಾತು. ಬೋಗಿಯ ಪಕ್ಕದಲ್ಲಿ ಉದ್ದಕ್ಕೂ ಗೆರೆಗೆರೆಯಾಗಿ ಕಾಣುವ ಮಡಿಕೆಗಳನ್ನು ಶೋಭೆಗೆ ಹಾಕಿದ್ದೆಂದು ಜನ ಭಾವಿಸುತ್ತಾರೆ. ತೆಳುವಾದ ತಗಡಿಗೆ ಬಿಗಿ ಬರುವುದೇ ಆ ಮಡಿಕೆಯಿಂದ. ತಗಡಿನ ಸಣ್ಣಪುಟ್ಟ ಏರುತಗ್ಗನ್ನೂ ಅದು ಮರೆಸುತ್ತದೆ.

ಘಟ್ಟದ ಹಾದಿ

ಬೆಸುಗೆ ಸರ್, ಇದನ್ನು ಓದಿ ಅಡುಗೆಮನೆಗೆ ಹೋಗಿ ಸ್ಟೀಲ್ ಡಬ್ಬಿಯ ಹಿಡಿಯನ್ನು ತಿರುಗಿಸಿ ನೋಡಿದೆ. ಬೆಸೆದ ಎರಡು ಚುಕ್ಕೆಗಳ ಸುತ್ತ ಕಂದು ಬಣ್ಣ ಬಂದಿದೆ, ಉಳಿದ ಡಬ್ಬಿ ಫಳಫಳ ಹೊಳೆಯುತ್ತಿದೆ. ಇದೂ ಅದೇ ಕಾರಣವೇ?

ಬೆಸುಗೆ

ಆ ಕಂದು ಬಣ್ಣ ಕಾವಿನಿಂದ ಬಂದ ಕಲೆಯೂ ಇರಬಹುದು. ಉಜ್ಜಿ ತೊಳೆದ ಮೇಲೂ ಒದ್ದೆಯಾದಾಗಲೆಲ್ಲ ಅದೇ ಜಾಗದಲ್ಲಿ ಮರಳಿ ಬಂದರೆ ತುಕ್ಕು. ಉಪ್ಪು ಹಾಕಿಡಬೇಡಿ ತಾಯಿ.

ಓಕ್‌ಲ್ಯಾಂಡ್ ಕನ್ನಡಿಗ

ಎಲ್ಲರೂ ನಿಂತುಹೋಯಿತು, ನಿಂತುಹೋಯಿತು ಎನ್ನುತ್ತಿದ್ದೀರಿ. ಕ್ಯಾಲಿಫೋರ್ನಿಯಾ ಜೆಫಿರ್ ಇಂದಿಗೂ ಓಡುತ್ತಿದೆ! ನಾನಿರುವ ಊರಿನ ಪಕ್ಕದ ಎಮೆರಿವಿಲ್‌ನಿಂದ ಷಿಕಾಗೋಕ್ಕೆ ಗಾಡಿ ಇದೆ. ಎರಡು ವರ್ಷದ ಹಿಂದೆ ಅಪ್ಪ ಅಮ್ಮ ಬಂದಿದ್ದಾಗ ಡೆನ್ವರ್ ತನಕ ಹೋಗಿದ್ದೆವು.

ಹಳಿಯ ಹುಚ್ಚು

ಹೆಸರು ಅದೇ, ಗಾಡಿ ಅದಲ್ಲ. ಈಗಿನದು ಅಮೆರಿಕದ ಸರ್ಕಾರಿ ಪ್ರಯಾಣಿಕ ರೈಲು ಸಂಸ್ಥೆ ಆಮ್‌ಟ್ರ್ಯಾಕ್‌ನದು, 1983ರಲ್ಲಿ ಆ ಹೆಸರು ಪಡೆಯಿತು. ಬೋಗಿಗಳು ಎರಡಂತಸ್ತಿನ ಸೂಪರ್‌ಲೈನರ್. ಮಾರ್ಗವೂ ಪೂರ್ತಿ ಅದೇ ಅಲ್ಲ. ರಾಕಿ ಪರ್ವತದ ಭಾಗ ಹಳೆಯದೇ, ಆದರೆ ನೆವಾಡಾದ ರೀನೋ ಮೂಲಕ ಕ್ಯಾಲಿಫೋರ್ನಿಯಾಕ್ಕೆ ಬಂದು ಅದು ಡಾನರ್ ಕಣಿವೆಯ ದಾರಿ ಹಿಡಿಯುತ್ತದೆ. ಅದು ಹಳೆಯ ಎದುರಾಳಿಯ ದಾರಿ. ಫೆದರ್ ನದಿಯ ಕಣಿವೆ ನಿಮಗೆ ಸಿಗಲೇ ಇಲ್ಲ.

ಓಕ್‌ಲ್ಯಾಂಡ್ ಕನ್ನಡಿಗ

ಸಿಗಲಿಲ್ಲ ನಿಜ, ಆದರೆ ಡಾನರ್ ದಾರಿಯನ್ನು ಹಾಗೆ ತಳ್ಳಿಹಾಕಬೇಡಿ. 1952ರ ಜನವರಿಯಲ್ಲಿ ನೀವು ಹೇಳಿದ ಎದುರಾಳಿ ಗಾಡಿಯೇ ಅಲ್ಲಿ ಹಿಮದಲ್ಲಿ ಹೂತುಹೋಗಿತ್ತು. ಪ್ರಯಾಣಿಕರು, ಸಿಬ್ಬಂದಿ ಸೇರಿ ಇನ್ನೂರಕ್ಕೂ ಹೆಚ್ಚು ಜನ ಮೂರು ದಿನ ಒಳಗೇ ಇದ್ದರು. ಆ ಜಾಗ ದಾಟುವಾಗ ನಾವು ಮೂವರೂ ಕಿಟಕಿಗೆ ಮುಖ ಒತ್ತಿ ಕುಳಿತಿದ್ದೆವು. ಮೇ ತಿಂಗಳಾದರೂ ನೆರಳಿದ್ದ ಕಡೆ ಹಿಮ ಉಳಿದಿತ್ತು. ಅಪ್ಪ ಇಳಿದು ಮುಟ್ಟಬೇಕೆಂದರು, ಗಾಡಿ ಅಲ್ಲಿ ನಿಲ್ಲುವುದಿಲ್ಲ.

ಹಳಿಯ ಹುಚ್ಚು

ನೀವು ಹೇಳಿದ ಘಟನೆ ನನ್ನ ವಾದಕ್ಕೇ ಬಲ ಕೊಡುತ್ತದೆ! ಡಾನರ್ ದಾರಿ ಸುಮಾರು 7,000 ಅಡಿ ಏರಬೇಕು. ಹಳೆಯ ಜೆಫಿರ್ ಓಡಿದ ಪಡುವಣ ಭಾಗದ ಹಳಿ ಹಾಕಿದ ವೆಸ್ಟರ್ನ್ ಪೆಸಿಫಿಕ್ ಕಂಪನಿ ಫೆದರ್ ನದಿಯ ಜಾಡು ಹಿಡಿದು ಸುಮಾರು 5,000 ಅಡಿಯಲ್ಲೇ ಸಿಯೆರಾ ದಾಟಿತು. ಏರು ಎಲ್ಲಿಯೂ ನೂರಕ್ಕೆ ಒಂದನ್ನು ಮೀರದಂತೆ ಹಳಿ ಹಾಕಿದರು. ನಮ್ಮ ಸಕಲೇಶಪುರ ಘಟ್ಟ ಐವತ್ತಕ್ಕೆ ಒಂದು, ಅಂದರೆ ಅದರ ಎರಡು ಪಟ್ಟು ಕಡಿದು. ಫೆದರ್ ನದಿಯ ಹಾದಿ 1909ರಲ್ಲಿ ಮುಗಿಯಿತು. ಇದರ ತೊಂದರೆ ಬೇರೆ, ಮಳೆ ಬಂದರೆ ಗುಡ್ಡ ಜಾರಿ ಹಳಿಯ ಮೇಲೆ ಕೂರುತ್ತದೆ.

ಘಟ್ಟದ ಹಾದಿ

ಗುಡ್ಡ ಜಾರುವುದನ್ನು ನಮ್ಮ ಊರಿನವರಿಗೆ ಯಾರೂ ವಿವರಿಸಬೇಕಾಗಿಲ್ಲ.

ಗುಮ್ಮಟದ ಯೋಚನೆ ಯಾರದು? ಅದನ್ನು ಯಾರಾದರೂ ಹೇಳಿ.

ಹಳಿಯ ಹುಚ್ಚು

ಜನರಲ್ ಮೋಟಾರ್ಸ್‌ನ ಎಂಜಿನ್ ವಿಭಾಗದಲ್ಲಿ ಸೈರಸ್ ಆಸ್ಬಾರ್ನ್ ಎಂಬ ಅಧಿಕಾರಿ ಇದ್ದರು. 1944ರಲ್ಲಿ ಕೊಲೊರಾಡೋದ ಗ್ಲೆನ್‌ವುಡ್ ಕಣಿವೆಯಲ್ಲಿ ಡೀಸೆಲ್ ಎಂಜಿನ್ನಿನ ಚಾಲಕನ ಕೋಣೆಯಲ್ಲಿ ಕುಳಿತು ಹೋಗುತ್ತಿದ್ದರು. ಎದುರಿಗೆ, ಎರಡೂ ಪಕ್ಕಕ್ಕೆ ಗಾಜು. ನದಿಯೂ ಬಂಡೆಯೂ ಒಟ್ಟಿಗೆ ಕಣ್ಣಿಗೆ ಬೀಳುತ್ತಿವೆ. ಹಿಂದೆ ಬೋಗಿಯಲ್ಲಿ ದುಡ್ಡು ಕೊಟ್ಟು ಕುಳಿತವನಿಗೆ ಸಿಗುವುದು ಒಂದು ಕಿಟಕಿಯಷ್ಟು ಬಂಡೆ ಮಾತ್ರ. ಈ ನೋಟ ಅವನಿಗೇಕೆ ಸಿಗಬಾರದು ಎಂದು ಅವರಿಗೆ ಅನ್ನಿಸಿತು, ನಕ್ಷೆ ಗೀಚಿದರು. 1945ರಲ್ಲಿ ಬರ್ಲಿಂಗ್ಟನ್ ಕಂಪನಿ ತನ್ನ ಹಳೆಯ ಬೋಗಿಯೊಂದರ ಮಾಡು ಕೊಯ್ದು ಮೊದಲ ವಿಸ್ಟಾ ಡೋಮ್ ಕೂರಿಸಿತು. ಅದಕ್ಕೆ ಸಿಲ್ವರ್ ಡೋಮ್ ಎಂದು ಹೆಸರಿಟ್ಟರು. ನಾಲ್ಕು ವರ್ಷದ ನಂತರ ಕ್ಯಾಲಿಫೋರ್ನಿಯಾ ಜೆಫಿರ್ ಬಂದಾಗ ಅದರ ಪ್ರತಿಯೊಂದು ಬೋಗಿಯ ಹೆಸರೂ ಸಿಲ್ವರ್ ಎಂದೇ ಶುರುವಾಗುತ್ತಿತ್ತು.

ಟೊರೊಂಟೊ ಶಾನುಭೋಗ

ತಿದ್ದುಪಡಿ. ಆಸ್ಬಾರ್ನ್ ಮೊದಲಿಗರಲ್ಲ. ಕೆನಡಿಯನ್ ಪೆಸಿಫಿಕ್ ಕಂಪನಿ 1900ರ ದಶಕದಲ್ಲಿಯೇ ಮಾಡಿನ ಮೇಲೆ ಗಾಜಿನ ಗೂಡು ಕಟ್ಟಿದ ಬೋಗಿಗಳನ್ನು ರಾಕಿ ಪರ್ವತದಲ್ಲಿ ಓಡಿಸಿತ್ತು. ಉಗಿಬಂಡಿಯ ಕಾಲವಾದ್ದರಿಂದ ಗಾಜಿನ ಮೇಲೆಲ್ಲ ಮಸಿ. ಡೀಸೆಲ್ ಬಂದದ್ದರಿಂದ, ಹವಾನಿಯಂತ್ರಣ ಬಂದದ್ದರಿಂದ ಆಸ್ಬಾರ್ನ್ ಅವರ ಗುಮ್ಮಟ ಬದುಕಿತು. ಗಾಜಿನ ಕೆಳಗೆ ಬಿಸಿಲಿನಲ್ಲಿ ತಂಪಿಲ್ಲದೆ ಕುಳಿತರೆ ಹಪ್ಪಳದಂತೆ ಒಣಗುತ್ತೇವೆ.

ಹಳಿಯ ಹುಚ್ಚು

ಒಪ್ಪಿದೆ. ಮೊದಲಿಗರು ಎಂದು ನಾನೂ ಹೇಳಲಿಲ್ಲ, ಆದರೆ ಕೆನಡಾದ ಹೆಸರು ಬಿಟ್ಟದ್ದು ತಪ್ಪು.

ಕಬ್ಬನ್ ಪೇಟೆ

ಇವೆಲ್ಲ ಸಿರಿವಂತರ ಗಾಡಿಗಳು. ನಮ್ಮ ಗೋಲ್ಡನ್ ಚಾರಿಯಟ್ ಇದ್ದ ಹಾಗೆ. ಸಾಮಾನ್ಯರಿಗೇನು ಬಂತು?

ಹಳಿಯ ಹುಚ್ಚು

ಈ ಮಾತಿಗೆ ನಾನು ಜಗಳಕ್ಕೇ ನಿಲ್ಲುತ್ತೇನೆ. ಗೋಲ್ಡನ್ ಚಾರಿಯಟ್ ಪ್ರವಾಸದ ಗಾಡಿ. ಜೆಫಿರ್ ದಿನವೂ ಎರಡೂ ಕಡೆಯಿಂದ ಹೊರಡುತ್ತಿದ್ದ ಸಾರ್ವಜನಿಕ ರೈಲು. ಐದು ಗುಮ್ಮಟಗಳಲ್ಲಿ ಮೂರು ಇದ್ದದ್ದು ಕುಳಿತುಕೊಂಡೇ ಹೋಗುವ ಕಡಿಮೆ ದರದ ಬೋಗಿಗಳ ಮೇಲೆ! ಒಂದೊಂದು ಗುಮ್ಮಟಕ್ಕೆ 24 ಆಸನ, ಗಾಡಿಗೆ 120. ಆ ಆಸನಗಳನ್ನು ಮಾರುತ್ತಿರಲಿಲ್ಲ. ಕೆಳಗೆ ನಿಮ್ಮ ಆಸನ ನಿಮಗಿದ್ದೇ ಇರುತ್ತದೆ. ಮೇಲೆ ಖಾಲಿ ಕಂಡರೆ ಹತ್ತಿ ಕೂರುವುದು, ಸಾಕಾದ ಮೇಲೆ ಇನ್ನೊಬ್ಬರಿಗೆ ಬಿಟ್ಟುಕೊಡುವುದು. ಕೊನೆಯ ಬೋಗಿಯ ಗುಮ್ಮಟ ಮಾತ್ರ ಮಲಗುವ ಬೋಗಿಯವರಿಗೆ ಮೀಸಲಾಗಿತ್ತು.

ನಮ್ಮ ವಿಸ್ಟಾಡೋಮ್‌ನಲ್ಲಿ ಗಾಜಿನ ಕೆಳಗಿನ 44 ಆಸನಗಳಿಗೂ ಪ್ರತ್ಯೇಕ ಟಿಕೆಟ್. ಅದೇ ಗಾಡಿಯ ಉಳಿದ ಬೋಗಿಗಳಲ್ಲಿ ಇರುವವರಿಗೆ ಆ ನೋಟವಿಲ್ಲ.

ಘಟ್ಟದ ಹಾದಿ

ಇದು ನನಗೆ ನಾಟಿತು. ಅಂದು ಅಮ್ಮನ ಜೊತೆ ಇಳಿಯುವಾಗ ಪಕ್ಕದ ಬೋಗಿಯ ಬಾಗಿಲಲ್ಲಿ ಒಬ್ಬ ಹುಡುಗ ನಮ್ಮ ಗಾಜಿನ ಮಾಡನ್ನೇ ನೋಡುತ್ತ ನಿಂತಿದ್ದ. ಅವನ ಕೈಯಲ್ಲಿ ನೀರಿನ ಬಾಟಲಿ, ತುಂಬಿಸಲು ಇಳಿದವನು ಅದನ್ನು ಮರೆತೇ ಬಿಟ್ಟಿದ್ದ.

ಕಬ್ಬನ್ ಪೇಟೆ

ಹಾಗಾದರೆ ನನ್ನ ಮಾತು ಹಿಂದಕ್ಕೆ ತೆಗೆದುಕೊಂಡೆ. ಮೂರು ಗುಮ್ಮಟದ ವಿಷಯ ತಿಳಿದಿರಲಿಲ್ಲ.

ನೀಲಿ ಶಾಯಿ

ನೀವು ಅಷ್ಟು ಬೇಗ ಹಿಂದಕ್ಕೆ ತೆಗೆದುಕೊಳ್ಳಬೇಕಾಗಿಲ್ಲ. ಈ ಚರ್ಚೆಯಲ್ಲಿ ಗಾಜಿದೆ, ಉಕ್ಕಿದೆ, ನದಿಯಿದೆ. ಹಾಸಿಗೆ ಹಾಸಿದವರು ಎಲ್ಲಿ?

ಅಮೆರಿಕದ ಮಲಗುವ ಬೋಗಿಗಳಲ್ಲಿ ಹಾಸಿಗೆ ಬಿಚ್ಚುವುದು, ಬೂಟು ಒರೆಸುವುದು, ರಾತ್ರಿಯೆಲ್ಲ ಗಂಟೆಗೆ ಓಗೊಡುವುದು ಪೋರ್ಟರ್‌ಗಳ ಕೆಲಸ. ಅವರು ಬಹುತೇಕ ಕರಿಯ ಜನ. ಎಷ್ಟೋ ಪ್ರಯಾಣಿಕರು ಅವರ ಹೆಸರನ್ನೂ ಕೇಳದೆ ಎಲ್ಲರನ್ನೂ ಜಾರ್ಜ್ ಎಂದೇ ಕರೆಯುತ್ತಿದ್ದರು. ಮಲಗುವ ಬೋಗಿಗಳ ಕಂಪನಿ ಕಟ್ಟಿದ ಮಾಲೀಕ ಜಾರ್ಜ್ ಪುಲ್‌ಮನ್, ಆದ್ದರಿಂದ ಆಳೂ ಜಾರ್ಜ್. ತಿಂಗಳಿಗೆ 400 ಗಂಟೆಯಷ್ಟು ದುಡಿಮೆ ಇತ್ತು. 1925ರಲ್ಲಿ ಎ. ಫಿಲಿಪ್ ರಾಂಡಾಲ್ಫ್ ಅವರ ಮುಂದಾಳತ್ವದಲ್ಲಿ ಸಂಘ ಕಟ್ಟಿದರು. ಹನ್ನೆರಡು ವರ್ಷ ಹೋರಾಡಿದ ಮೇಲೆ 1937ರಲ್ಲಿ ಪುಲ್‌ಮನ್ ಕಂಪನಿ ಒಪ್ಪಂದಕ್ಕೆ ಸಹಿ ಹಾಕಿತು, ದುಡಿಮೆ 240 ಗಂಟೆಗೆ ಇಳಿಯಿತು. ಜೆಫಿರ್‌ನ ಮಲಗುವ ಬೋಗಿಗಳು ಹೊಳೆಯುತ್ತಿದ್ದದ್ದು ಆ ಕೈಗಳಿಂದ.

ಜೆಫಿರೆಟ್ ಎಂದು ಕರೆಯುತ್ತಿದ್ದ ಪರಿಚಾರಿಕೆಯರ ಕಥೆಯೂ ಇದೆ. ಗಾಡಿಗೆ ಒಬ್ಬಳು. ಮೈಕಿನಲ್ಲಿ ಊರು, ಕಣಿವೆಗಳ ಪರಿಚಯ ಹೇಳಬೇಕು, ಊಟದ ಸರದಿ ಬರೆದುಕೊಳ್ಳಬೇಕು, ಮಗು ಅತ್ತರೆ ತಾಯಿಗೆ ನೆರವಾಗಬೇಕು, ಯಾರಿಗಾದರೂ ಏಟಾದರೆ ಪಟ್ಟಿ ಕಟ್ಟಬೇಕು. ಮದುವೆಯಾದರೆ ಕೆಲಸ ಬಿಡಬೇಕು.

ಹಳೆ ಮೈಸೂರು

ಮದುವೆಯಾದರೆ ಕೆಲಸ ಬಿಡಬೇಕಿದ್ದದ್ದು ಆ ಕಾಲದಲ್ಲಿ ಗಗನಸಖಿಯರಿಗೂ ಹಾಗೆಯೇ ಅಲ್ಲವೇ? ಒಂದೇ ಗಾಡಿಯ ಮೇಲೆ ದೋಷ ಹೊರಿಸುವುದು ಸರಿಯೇ?

ನೀಲಿ ಶಾಯಿ

ಎಲ್ಲರೂ ಮಾಡಿದರೆ ತಪ್ಪು ಕಡಿಮೆಯಾಗುವುದಿಲ್ಲ ಸರ್. ನನಗೂ ಆ ಗಾಡಿ ಇಷ್ಟವೇ. ಇಷ್ಟವಿರುವುದಕ್ಕೇ ಅದರಲ್ಲಿ ದುಡಿದವರ ವಿಷಯವನ್ನೂ ತಿಳಿಯಬೇಕು ಎನ್ನುತ್ತಿದ್ದೇನೆ.

ಚುರುಮುರಿ

ಊಟ ಏನು ಕೊಡುತ್ತಿದ್ದರು?

ಹಳಿಯ ಹುಚ್ಚು

ಊಟದ ಬೋಗಿಯಲ್ಲಿ ಬಿಳಿ ಬಟ್ಟೆ ಹಾಸಿದ ಮೇಜು, ರಾಕಿ ಪರ್ವತದ ಟ್ರೌಟ್ ಮೀನು. ತಿಂಡಿ, ಕಾಫಿಗೆ ಬೇರೆ ಬೋಗಿ ಇತ್ತು.

ಹಳೆ ಮೈಸೂರು

ಮದ್ದೂರಿನಲ್ಲಿ ಗಾಡಿ ನಿಂತಾಗ ಕಿಟಕಿಯಿಂದ ಕೈಗೆ ಬರುವ ಬಿಸಿ ವಡೆಗೆ ಯಾವ ಟ್ರೌಟ್ ಸಮ? ಈರುಳ್ಳಿ ಹೊರಗೆ ಚಾಚಿಕೊಂಡು ಅಂಚು ಕರುಕಲಾಗಿರಬೇಕು. ಕಾಗದಕ್ಕೆ ಎಣ್ಣೆ ಹತ್ತಿ ಹಿಂದಿನ ದಿನದ ಸುದ್ದಿ ಎರಡೂ ಕಡೆಯಿಂದ ಓದಲು ಬರಬೇಕು.

ಚುರುಮುರಿ

ಈಗ ಹೊಟ್ಟೆ ಹಸಿಯಿತು.

ಲೆಕ್ಕಪತ್ರ

ಮೂಲ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ನಾನು ನಲವತ್ತು ವರ್ಷ ಲೆಕ್ಕ ಬರೆದವನು, ನನ್ನ ದಾರಿಯಲ್ಲಿ ಹೇಳುತ್ತೇನೆ.

ಒಂದು ಗಾಡಿ ಎಂದು ನೀವೆಲ್ಲ ಹೇಳುತ್ತಿದ್ದೀರಿ. ಅದು ಆರು ಗಾಡಿ. ಸೋಮವಾರ ಷಿಕಾಗೋ ಬಿಟ್ಟದ್ದು ಬುಧವಾರ ಓಕ್‌ಲ್ಯಾಂಡ್ ಮುಟ್ಟುತ್ತದೆ, ಗುರುವಾರ ಹಿಂದಿರುಗಿ ಹೊರಟು ಶನಿವಾರ ಷಿಕಾಗೋ ಸೇರುತ್ತದೆ, ಭಾನುವಾರ ಮತ್ತೆ ಹೊರಡುತ್ತದೆ. ದಿನಕ್ಕೊಂದು ಗಾಡಿ ಬಿಡಬೇಕೆಂದರೆ ಆರು ಸೆಟ್ ಬೇಕೇ ಬೇಕು. ಇದಕ್ಕಾಗಿ ಬಡ್ ಕಂಪನಿಯಿಂದ ತರಿಸಿದ್ದು 77 ಬೋಗಿ.

ಇನ್ನು ಸಂಬಳ. ಅಮೆರಿಕದ ರೈಲ್ವೆಯಲ್ಲಿ ಎಂಜಿನ್ ಸಿಬ್ಬಂದಿಗೆ 100 ಮೈಲಿ ಓಡಿದರೆ ಒಂದು ದಿನದ ಕೂಲಿ, ಪ್ರಯಾಣಿಕರ ಗಾಡಿಯ ಕಂಡಕ್ಟರ್ ವರ್ಗಕ್ಕೆ 150 ಮೈಲಿಗೆ ಒಂದು ದಿನದ್ದು. ಉಗಿಬಂಡಿಯ ಕಾಲದಲ್ಲಿ ಆದ ನಿಯಮ, ಆಗ 100 ಮೈಲಿಗೆ ದಿನವೇ ಹಿಡಿಯುತ್ತಿತ್ತು. ಡೀಸೆಲ್ ಬಂದ ಮೇಲೆ ಅದೇ ದೂರ ಎರಡು ಗಂಟೆಯ ಮಾತಾಯಿತು, ನಿಯಮ ಉಳಿಯಿತು. 2,525 ಮೈಲಿಯ ದಾರಿಯಲ್ಲಿ ಎಷ್ಟು ದಿನದ ಕೂಲಿ ಬಿತ್ತು ಎಂದು ನೀವೇ ಎಣಿಸಿ.

ಮೂರನೆಯದು ಮುಖ್ಯ. ಈ ಗಾಡಿಗೆ ಮಾಲೀಕರು ಮೂವರು. ಷಿಕಾಗೋ–ಡೆನ್ವರ್ ಬರ್ಲಿಂಗ್ಟನ್, ಡೆನ್ವರ್–ಸಾಲ್ಟ್ ಲೇಕ್ ರಿಯೋ ಗ್ರಾಂಡೆ, ಅಲ್ಲಿಂದ ಓಕ್‌ಲ್ಯಾಂಡ್ ತನಕ ವೆಸ್ಟರ್ನ್ ಪೆಸಿಫಿಕ್. ಬರ್ಲಿಂಗ್ಟನ್ ದೊಡ್ಡ ಮನೆ, ತಡೆದುಕೊಂಡೀತು. ವೆಸ್ಟರ್ನ್ ಪೆಸಿಫಿಕ್ ಚಿಕ್ಕ ಕಂಪನಿ, ದಾರಿಯಲ್ಲಿ ದೊಡ್ಡ ಊರುಗಳೂ ಇಲ್ಲ. ಬೇಸಗೆಯಲ್ಲಿ ಗಾಡಿ ತುಂಬುತ್ತದೆ, ಚಳಿಗಾಲದಲ್ಲಿ ಸೊರಗುತ್ತದೆ, ಖರ್ಚು ಹನ್ನೆರಡು ತಿಂಗಳೂ ಒಂದೇ. 1956ರ ಕಾನೂನಿನಿಂದ ಸರ್ಕಾರದ ಹಣದಲ್ಲಿ ಅಂತರರಾಜ್ಯ ಹೆದ್ದಾರಿಗಳು ಎದ್ದವು. ರೈಲು ಕಂಪನಿ ತನ್ನ ಹಳಿಯನ್ನು ತಾನೇ ಹಾಕಿಕೊಂಡು, ಅದರ ಮೇಲೆ ತೆರಿಗೆಯನ್ನೂ ಕಟ್ಟುತ್ತಿತ್ತು. 1966ರಲ್ಲಿ ವೆಸ್ಟರ್ನ್ ಪೆಸಿಫಿಕ್ ಗಾಡಿ ನಿಲ್ಲಿಸಲು ಅರ್ಜಿ ಹಾಕಿತು. ಜನ ವಿರೋಧಿಸಿದರು, ಅಂತರರಾಜ್ಯ ವಾಣಿಜ್ಯ ಆಯೋಗ ಮೊದಲು ಒಪ್ಪಲಿಲ್ಲ. 1970ರಲ್ಲಿ ಒಪ್ಪಿತು.

ಸರಪಳಿಯ ಮೂರು ಕೊಂಡಿಗಳಲ್ಲಿ ಒಂದು ಬಿಟ್ಟಿತು, ಗಾಡಿ ಮುಗಿಯಿತು.

ನೀಲಿ ಶಾಯಿ

ಕೂಲಿಯ ಲೆಕ್ಕ ಹೇಳುವಾಗ ಅದು ಕಾರ್ಮಿಕರ ದುರಾಸೆ ಎಂಬಂತೆ ಕೇಳಿಸಬಾರದು. 100 ಮೈಲಿಯ ನಿಯಮಕ್ಕೆ ಕಂಪನಿಗಳೂ ಸಹಿ ಹಾಕಿದ್ದವು.

ಲೆಕ್ಕಪತ್ರ

ದುರಾಸೆ ಎಂದು ನಾನು ಬರೆದಿಲ್ಲ. ಖರ್ಚು ಎಂದು ಬರೆದೆ. ಹೆದ್ದಾರಿಯ ಸಾಲನ್ನೂ ಓದಿ, ನನ್ನ ಮುಖ್ಯ ಆಕ್ಷೇಪ ಇರುವುದು ಅಲ್ಲಿ. ಒಂದು ಕಡೆ ದಾರಿಯನ್ನು ಸರ್ಕಾರ ಹಾಕಿಕೊಡುತ್ತದೆ, ಇನ್ನೊಂದು ಕಡೆ ದಾರಿ ಹಾಕಿದವನಿಂದಲೇ ತೆರಿಗೆ ವಸೂಲು ಮಾಡುತ್ತದೆ, ಆಮೇಲೆ ಅವನು ಸೋತ ಎನ್ನುತ್ತದೆ.

ಹಳಿಯ ಹುಚ್ಚು

ನಡುವಿನ ಕೊಂಡಿ ಮಾತ್ರ ಹಠ ಹಿಡಿದು ಉಳಿಯಿತು, ಅದನ್ನೂ ಹೇಳಬೇಕು. ರಿಯೋ ಗ್ರಾಂಡೆ ಕಂಪನಿ 1971ರಲ್ಲಿ ಆಮ್‌ಟ್ರ್ಯಾಕ್ ಸೇರದೆ, ರಿಯೋ ಗ್ರಾಂಡೆ ಜೆಫಿರ್ ಎಂಬ ಹೆಸರಿನಲ್ಲಿ ತನ್ನ ಭಾಗದ ಗಾಡಿಯನ್ನು 1983ರ ಏಪ್ರಿಲ್ ತನಕ ಓಡಿಸಿತು. ಅದೇ ಬಡ್ ಬೋಗಿಗಳು, ಅದೇ ಗುಮ್ಮಟ. ವಾರದಲ್ಲಿ ಮೂರು ದಿನ ಹೋಗುವುದು, ಮೂರು ದಿನ ಬರುವುದು.

ಆ ಭಾಗದಲ್ಲಿ ಮಾಫಟ್ ಸುರಂಗವಿದೆ. 1928ರಲ್ಲಿ ತೆರೆದದ್ದು, ಉದ್ದ ಸುಮಾರು 10 ಕಿಲೋಮೀಟರ್, ಮೂಡಣ ಸಮುದ್ರಕ್ಕೆ ಹರಿಯುವ ನೀರು ಮತ್ತು ಪಡುವಣಕ್ಕೆ ಹರಿಯುವ ನೀರಿನ ಗಡಿಯ ಅಡಿಯಲ್ಲಿ ಹಾದುಹೋಗುತ್ತದೆ. ಓಕ್‌ಲ್ಯಾಂಡ್ ಕನ್ನಡಿಗರೇ, ನೀವು ಅದರಲ್ಲಿ ಹೋಗಿದ್ದೀರಿ. ಹೇಗಿತ್ತು?

ಓಕ್‌ಲ್ಯಾಂಡ್ ಕನ್ನಡಿಗ

ಹೊಗೆ ಒಳಗೆ ಬರುತ್ತದೆ, ಒಂದು ಬೋಗಿಯಿಂದ ಇನ್ನೊಂದಕ್ಕೆ ದಾಟಬೇಡಿ ಎಂದು ಮೊದಲೇ ಸಾರಿದರು. ಆಮೇಲೆ ಹತ್ತು ನಿಮಿಷ ಗಾಜಿನಲ್ಲಿ ನಮ್ಮ ಮುಖಗಳೇ. ಎದುರು ಆಸನದ ಅಮೆರಿಕನ್ ಅಜ್ಜಿ ಹೆಣೆಯುತ್ತಿದ್ದ ಉಣ್ಣೆಯನ್ನು ಮಡಿಲಲ್ಲಿಟ್ಟು ಕೈಕಟ್ಟಿ ಕುಳಿತರು, ಅಮ್ಮನೂ ಹಾಗೆಯೇ ಕೈಕಟ್ಟಿ ಕುಳಿತರು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಹೊರಗೆ ಬೆಳಕು ಬಂದ ಕೂಡಲೇ ಇಬ್ಬರೂ ಒಟ್ಟಿಗೇ ಹೋ ಎಂದರು.

ಟೊರೊಂಟೊ ಶಾನುಭೋಗ

ಹಳೆಯ ಗಾಡಿಯನ್ನೇ ಹತ್ತಬೇಕೆನ್ನುವವರು ನಮ್ಮ ಕಡೆ ಬನ್ನಿ. ಕೆನಡಾದಲ್ಲಿ 'ದಿ ಕೆನಡಿಯನ್' ಎಂಬ ಗಾಡಿಗೆ ಇದೇ ಬಡ್ ಕಂಪನಿ 1950ರ ದಶಕದಲ್ಲಿ ಕಟ್ಟಿದ ಸ್ಟೇನ್‌ಲೆಸ್ ಸ್ಟೀಲ್ ಬೋಗಿಗಳು ಇಂದಿಗೂ ಓಡುತ್ತಿವೆ, ಗುಮ್ಮಟ ಸಮೇತ. 1955ರ ಏಪ್ರಿಲ್ 24ರಂದು ಶುರುವಾದ ಗಾಡಿ. ಬೆಸುಗೆ ಸರ್ ಹೇಳಿದ ಆ ಚುಕ್ಕೆಗಳನ್ನು ನಾನು ಕೈಯಿಂದ ಮುಟ್ಟಿದ್ದೇನೆ. ಏಳು ದಶಕ ಹಿಮ, ಉಪ್ಪು, ಮಳೆ ಕಂಡ ಮೇಲೂ ತುಕ್ಕಿನ ಸುಳಿವಿಲ್ಲ.

ಟೊರೊಂಟೊದಿಂದ ವ್ಯಾಂಕೂವರ್‌ಗೆ ನಾಲ್ಕು ರಾತ್ರಿ. ಗುಮ್ಮಟಕ್ಕೆ ಹತ್ತುವ ಮೆಟ್ಟಿಲು ಕಿರಿದು, ಇಬ್ಬರು ಎದುರಾದರೆ ಒಬ್ಬರು ಹಿಂದೆ ಸರಿಯಬೇಕು. ಬೆಳಗಿನ ಜಾವ ಮೇಲೆ ಹೋದರೆ ಯಾರೂ ಇರುವುದಿಲ್ಲ. ಮುಂದೆ ಬೆಳ್ಳಿಯ ಬೆನ್ನುಗಳ ಸಾಲು, ತಿರುವಿನಲ್ಲಿ ಅದು ಬಾಗುವಾಗ ಎಂಜಿನ್ನಿನ ದೀಪ ಕಾಡಿನ ಮೇಲೆ ಹರಿದುಹೋಗುವುದು ಕಾಣುತ್ತದೆ.

ಹಳಿಯ ಹುಚ್ಚು

ನಾನೂ ಒಂದು ತಿದ್ದುಪಡಿ ಕೊಡುತ್ತೇನೆ. ಮೂಲ ಕೆನಡಿಯನ್ ಬ್ಯಾನ್ಫ್ ಮೂಲಕ ಹೋಗುತ್ತಿತ್ತು. 1990ರಿಂದ ಜಾಸ್ಪರ್ ಮೂಲಕ. ಬೋಗಿ ಹಳೆಯದು, ದಾರಿ ಬೇರೆ.

ಟೊರೊಂಟೊ ಶಾನುಭೋಗ

ಸರಿಯಾಗಿ ಹೇಳಿದಿರಿ. ಅಮೆರಿಕದಲ್ಲಿ ದಾರಿ ಬಹುಪಾಲು ಉಳಿದು ಬೋಗಿ ಹೋಯಿತು, ಇಲ್ಲಿ ಬೋಗಿ ಉಳಿದು ದಾರಿ ಹೋಯಿತು.

ಬೆಸುಗೆ

ಶಾನುಭೋಗರೇ, ಮತ್ತೊಮ್ಮೆ ಹೋದರೆ ಬೋಗಿಯ ಬಾಗಿಲ ಕೆಳಗಿನ ಮೂಲೆಯ ಒಂದು ಚಿತ್ರ ತೆಗೆದು ಇಲ್ಲಿ ಹಾಕಿ. ನೀರು ನಿಲ್ಲುವುದು ಅಲ್ಲಿಯೇ, ಕೆಡುವುದಿದ್ದರೆ ಮೊದಲು ಕೆಡುವುದೂ ಅಲ್ಲಿಯೇ. ಅದನ್ನೊಂದು ನೋಡಬೇಕೆಂಬ ಆಸೆ.

ಟೊರೊಂಟೊ ಶಾನುಭೋಗ

ಖಂಡಿತ ಸರ್. ಸೆಪ್ಟೆಂಬರಿನಲ್ಲಿ ಹೋಗುತ್ತಿದ್ದೇನೆ.

ಘಟ್ಟದ ಹಾದಿ

ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. ಮೂರು ಮಾಲೀಕರ ಕಥೆ ಕೇಳಿ ಅವರು, ಪಾಲಿನ ತೋಟದ ಹಾಗಾಯಿತು ಎಂದರು. ತಮ್ಮ ಅಮೆರಿಕದಲ್ಲಿಯೇ ಇದ್ದಾನೆ, ಮುಂದಿನ ವರ್ಷ ಅಮ್ಮ ಅವನ ಮನೆಗೆ ಹೋಗುವವರಿದ್ದಾರೆ. ಓಕ್‌ಲ್ಯಾಂಡ್ ಅಣ್ಣ, ಈಗಿನ ಗಾಡಿ ಎರಡಂತಸ್ತಿನದಂತೆ. ಅಮ್ಮನಿಗೆ ಮಂಡಿ ನೋವು. ಆಗುತ್ತದೆಯೇ?

ಓಕ್‌ಲ್ಯಾಂಡ್ ಕನ್ನಡಿಗ

ನನ್ನ ಅಮ್ಮನಿಗೂ ಮಂಡಿ ನೋವೇ ಅಕ್ಕ. ಮಲಗುವ ಬೋಗಿಯ ಕೆಳಗಿನ ಅಂತಸ್ತಿನಲ್ಲಿಯೂ ಕೋಣೆಗಳಿವೆ, ಕಾಯ್ದಿರಿಸುವಾಗಲೇ ಕೇಳಿ. ಊಟವನ್ನು ಕೋಣೆಗೆ ತಂದುಕೊಡುತ್ತಾರೆ. ಆದರೆ ದೊಡ್ಡ ಗಾಜಿನ ವೀಕ್ಷಣಾ ಬೋಗಿಗೆ ಹೋಗಬೇಕೆಂದರೆ ಮೇಲೆ ಹತ್ತಲೇಬೇಕು, ಬೋಗಿಯಿಂದ ಬೋಗಿಗೆ ದಾರಿ ಇರುವುದು ಮೇಲಿನ ಅಂತಸ್ತಿನಲ್ಲಿ ಮಾತ್ರ. ಮೆಟ್ಟಿಲು ಕಿರಿದು, ನಡುವೆ ತಿರುವಿದೆ. ಡೆನ್ವರ್‌ನಲ್ಲಿ ಗಾಡಿ ಸಾಕಷ್ಟು ಹೊತ್ತು ನಿಲ್ಲುತ್ತದೆ, ಅಲುಗಾಟವಿಲ್ಲದಾಗ ಹತ್ತಿಸಿ ಕೂರಿಸಿಬಿಡಿ. ಪರ್ವತ ಶುರುವಾಗುವುದೂ ಅಲ್ಲಿಂದಲೇ.

ಘಟ್ಟದ ಹಾದಿ

ಹತ್ತುತ್ತಾರಂತೆ. ಇಳಿಯುವುದು ನಿಧಾನವಾದರೆ ಪರವಾಗಿಲ್ಲವೇ ಎಂದು ಕೇಳುತ್ತಿದ್ದಾರೆ.

ಓಕ್‌ಲ್ಯಾಂಡ್ ಕನ್ನಡಿಗ

ಕತ್ತಲಾಗುವ ತನಕ ಇಳಿಯುವುದೇ ಬೇಡ ಎಂದು ಹೇಳಿ. ಕುತ್ತಿಗೆಗೆ ಒಂದು ಸಣ್ಣ ದಿಂಬು ತೆಗೆದುಕೊಂಡು ಹೋಗಲಿ.